ಉಚ್ಚಂಗೆಪ್ಪನ ಸೀತಾಫಲ

ಕೊಟ್ಟೂರಿನ ಸಂತೆಯಲ್ಲಿ ಉಚ್ಚಂಗೆಪ್ಪನನ್ನು ಮೊದಲ ಸಲ ಕಂಡಾಗ ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ್ದೆ. ತಪ್ಪು ನನ್ನದಲ್ಲ, ಆತನ ಕೋಟಿನದು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಕಲ್ಲಂಗಡಿಗಳೂ ಗೋಣಿಚೀಲದ ನೆರಳು ಬೇಡುವ ಹೊತ್ತು. ಅಂಥ ಹೊತ್ತಿನಲ್ಲಿ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟ ಒಬ್ಬ ಮನುಷ್ಯ ಹಣ್ಣಿನ ಸಾಲಿನ ಮುಂದೆ ನಿಂತು, ಒಂದು ಮಾವಿನ ಹಣ್ಣನ್ನೆತ್ತಿ, ತೊಟ್ಟಿನಿಂದ ತುದಿಯವರೆಗೆ ದಾರ ಹಿಡಿದು ಅಳೆದು, ದಾರಕ್ಕೆ ಗಂಟು ಹಾಕಿ, ಹಣ್ಣನ್ನು ತಲೆಕೆಳಗು ಮಾಡಿ ನೋಡಿ, ಮುಖ ಸಿಂಡರಿಸಿ, ಮತ್ತೆ ಇದ್ದ ಜಾಗದಲ್ಲೇ ಇಟ್ಟು ಮುಂದಿನ ಬುಟ್ಟಿಗೆ ಹೋದರೆ, ಆತ ಸರ್ಕಾರದವನಲ್ಲದೆ ಇನ್ನಾರಾಗಿದ್ದಾನು? ಕೊಳ್ಳುವವನು ಬೆಲೆ ಕೇಳುತ್ತಾನೆ. ಕದಿಯುವವನು ಆಚೀಚೆ ನೋಡುತ್ತಾನೆ. ಈತ ಎರಡನ್ನೂ ಮಾಡಲಿಲ್ಲ. ಆಹಾರ ತಪಾಸಣೆಯ ದೊಡ್ಡ ಅಧಿಕಾರಿಯೇ ಇರಬೇಕೆಂದು ನಿರ್ಧರಿಸಿದೆ.

ವಾರಕ್ಕೊಮ್ಮೆ ಜಿಲ್ಲೆಯ ಪತ್ರಿಕೆಯೊಂದಕ್ಕೆ ನಾಲ್ಕು ನಗೆಮಾತು ಬರೆದು ಕಳಿಸುವವನಾದ್ದರಿಂದ, ಸಮಾಜದ ಭಾರದಲ್ಲಿ ಒಂದು ಪಾಲು ನನ್ನ ಹೆಗಲ ಮೇಲೂ ಇದೆಯೆಂಬ ಭ್ರಮೆ ನನಗೆ ಆಗ ಇತ್ತು; ಈಗಲೂ ಪೂರ್ತಿ ವಾಸಿಯಾಗಿಲ್ಲ. ಗಂಟಲು ಸರಿಮಾಡಿಕೊಂಡು ಹತ್ತಿರ ಹೋಗಿ, ಪುಡಿ ಹಾಕಿ ಮಾವು ಹಣ್ಣು ಮಾಡುವ ದುಷ್ಟ ದಂಧೆಯ ವಿರುದ್ಧ ಐದು ನಿಮಿಷ ನಿರರ್ಗಳವಾಗಿ ದೂರಿದೆ. ಆತ ಕೇಳಿಸಿಕೊಂಡ. ಕೇಳಿಸಿಕೊಳ್ಳುವಾಗಲೂ ಕಾಲು ಒಂದೆಡೆ ನಿಲ್ಲಲಿಲ್ಲ, ಬೆರಳು ಸುಮ್ಮನಿರಲಿಲ್ಲ, ಕಣ್ಣು ನನ್ನ ಮುಖದಿಂದ ಸಪೋಟದ ಗುಡ್ಡೆಗೆ ಹಾರಿ ಮತ್ತೆ ಮುಖಕ್ಕೆ ಬರುತ್ತಿತ್ತು. ಕೊನೆಗೆ ಹೇಳಿದ:

"ಹಂಗಲ್ರಿ. ಪುಡಿ ಹಾಕಿದ್ರ ಬಣ್ಣ ಒಂದ ನಮೂನಿ ಬರ್ತೈತಿ. ನನಗ ಅದ ಅನುಕೂಲ. ಒಂದ ಕಾಗದದಾಗ ಮುಗೀತೈತಿ."

ತಕ್ಕಡಿ ಹಿಡಿದು ಕೂತಿದ್ದ ಹಣ್ಣಿನ ಅಂಜಿನಿ ಬಿದ್ದು ಬಿದ್ದು ನಕ್ಕ. "ಮೇಷ್ಟ್ರ, ಇವ್ರು ಸಾಹೇಬ್ರಲ್ರಿ, ನಮ್ಮ ಕಾಗದದ ಉಚ್ಚಂಗೆಪ್ಪ! ಹದಿನೈದು ವರ್ಷ ಆತು ನನ್ನ ಹಣ್ಣು ಅಳಿಯಾಕ ಹತ್ತಿ, ಒಂದಿನ ಒಂದು ಬಾಳಿಹಣ್ಣು ಕೊಂಡಿಲ್ಲ. ನನ್ನ ಹಣ್ಣು ನೋಡಿ ಇವ್ರು ಹಣ್ಣು ಮಾಡ್ತಾರ, ಇವ್ರ ಹಣ್ಣು ನೋಡಿ ಮಂದಿ ನನ್ನ ಹಣ್ಣು ಸಪ್ಪಗದಾವ ಅಂತಾರ."

ಉಚ್ಚಂಗೆಪ್ಪ ಊರಿನ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತವನು. ನಿಂತವನು ಎಂಬುದನ್ನು ಅಕ್ಷರಶಃ ತಿಳಿಯಬೇಕು, ಕೂತದ್ದನ್ನು ಕಂಡವರಿಲ್ಲ. ಲಗ್ನಪತ್ರಿಕೆಗಳ ಅಂಚಿನಿಂದ ಉದುರುವ ಅರಿಷಿಣ, ಕೆಂಪು, ಗುಲಾಬಿ ಪಟ್ಟಿಗಳನ್ನು ಉಳಿದವರು ಗುಡಿಸಿ ಒಲೆಗೆ ಕಳಿಸುತ್ತಿದ್ದಾಗ ಈತ ಜೇಬಿಗೆ ತುಂಬಿಕೊಂಡು, ಯಂತ್ರ ಬಿಡುವು ಕೊಟ್ಟಾಗಲೆಲ್ಲ ಮಡಿಸಿ, ಸುತ್ತಿ, ಅಂಟಿಸಿ, ಕಿತ್ತಳೆ, ದಾಳಿಂಬೆ, ಪೇರಲ ಮಾಡುತ್ತಿದ್ದ. ಲಗ್ನಪತ್ರಿಕೆಗಳು ಮೊಬೈಲಿಗೆ ವಲಸೆ ಹೋದ ಮೇಲೆ ಯಂತ್ರ ಗುಜರಿಗೆ ಹೋಯಿತು; ಹಣ್ಣು ಮಾತ್ರ ಉಳಿಯಿತು. ಈಗ ತೊಟ್ಟಿಲ ಶಾಸ್ತ್ರದ ತೊಟ್ಟಿಲಿಗೆ, ಬಸುರಿಯ ಕುಬಸದ ಕುರ್ಚಿಗೆ, ಶಾಲೆಯ ವೇದಿಕೆಗೆ ಹಣ್ಣಿನ ಗೊಂಚಲು ಬೇಕೆಂದರೆ ಈ ಸುತ್ತಿನ ಜನ ಕರೆಯುವುದು ಆತನನ್ನೇ.

ಕೋಟು ಪ್ರೆಸ್ಸಿನ ಮಾಲೀಕರು ಬಿಟ್ಟುಕೊಟ್ಟದ್ದು. ಅದರ ಒಳಗೆ ಹೆಂಡತಿ ಜಂಬಕ್ಕ ಹೆಚ್ಚುವರಿಯಾಗಿ ಐದು ಜೇಬು ಹೊಲಿದುಕೊಟ್ಟಿದ್ದಾಳೆ. ಒಂದರಲ್ಲಿ ಕತ್ತರಿ, ಒಂದರಲ್ಲಿ ಮೈದಾ ಅಂಟಿನ ಡಬ್ಬಿ, ಒಂದರಲ್ಲಿ ಆ ಗಂಟಿನ ದಾರ. ಗಂಟಿಗೊಂದು ಹಣ್ಣು, ಈ ಗಂಟಿನಿಂದ ಆ ಗಂಟಿಗೆ ಮೋಸಂಬಿ, ಅಲ್ಲಿಂದ ಮುಂದೆ ಸೇಬು. ಯಾವ ಗಂಟು ಯಾವ ಹಣ್ಣಿನದೆಂಬುದು ಆತನಿಗೆ ಮಾತ್ರ ಗೊತ್ತಿರುವುದರಿಂದ ವಿದ್ಯೆ ಭದ್ರವಾಗಿದೆ. ನಡಿಗೆಯಂತೂ ನೇರವಲ್ಲ. ಎದುರುಗಾಳಿಗೆ ಸಿಕ್ಕ ಕಾಗದದ ಹಾಗೆ ಬೀದಿಯ ಈ ಬದಿಯಿಂದ ಆ ಬದಿಗೆ ತೂರಿಕೊಂಡು ಹೋಗುತ್ತಾನೆ. ಹೋಟೆಲಿನಲ್ಲಿ ಅರ್ಧ ಚಹಾ ಕುಡಿದು ಎದ್ದುಬಿಡುತ್ತಾನೆ. ಯಾವ ಮಾತಿಗೂ ಆತನ ಮೊದಲ ಉತ್ತರ "ಹಂಗಲ್ಲ." ಇವತ್ತು ಬಿಸಿಲು ಜೋರು ಎಂದರೆ "ಹಂಗಲ್ರಿ, ಬಿಸಲು ಬಾಳ ಜೋರೈತಿ" ಎನ್ನುತ್ತಾನೆ.

ಆತನನ್ನು ಮನೆಗೆ ಕರೆಯುವವರು ಮೊದಲು ಕಾಗದಪತ್ರ ಬಚ್ಚಿಡಬೇಕು. ನಮ್ಮ ಮನೆಗೆ ಬಂದ ಮೊದಲ ದಿನ, ನಾನು ಅಡುಗೆಮನೆಗೆ ಹೋಗಿ ಬರುವುದರೊಳಗೆ ಕಟ್ಟಬೇಕಾಗಿದ್ದ ಕರೆಂಟು ಬಿಲ್ಲು ಬಾಳೆಹಣ್ಣಾಗಿತ್ತು. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾದದ್ದು ಬೇರೆ ದಿನ. ಆತನ ಮನೆಯಲ್ಲಿ ಅರ್ಧಕ್ಕೆ ನಿಂತ ಒಂದು ಕಲ್ಲಂಗಡಿಯ ಹೊಟ್ಟೆಯಿಂದ ನನ್ನದೇ ಭಾವಚಿತ್ರ ನನ್ನನ್ನು ನೋಡಿ ನಗುತ್ತಿತ್ತು. ಹಿಂದಿನ ವಾರದ ನನ್ನ ಅಂಕಣ! ನಾನು ನೋಡಿದ್ದನ್ನು ಆತ ನೋಡಿ, ಸಂಕೋಚಪಡದೆ ಸಮಾಧಾನ ಹೇಳಿದ: "ನಿಮ್ಮದು ಒಳಗ ತುಂಬಾಕ ಚಲೋ ಬರ್ತೈತ್ರಿ, ಮೇಷ್ಟ್ರ. ಬೇರೇರ್ದು ಇಷ್ಟು ಉಬ್ಬಂಗಿಲ್ಲ." ನನ್ನ ಬರಹದ ಬಗ್ಗೆ ಇಷ್ಟು ನಿಖರವಾದ ವಿಮರ್ಶೆ ಈವರೆಗೆ ಎಲ್ಲಿಯೂ ಪ್ರಕಟವಾಗಿಲ್ಲ.

ಕಟ್ಟಿದ ಮೇಲೆ ಬಿಟ್ಟುಬರುವುದು ಆತನಿಂದ ಆಗದು. ಕೂಡ್ಲಿಗಿಯಲ್ಲೊಂದು ತೊಟ್ಟಿಲ ಶಾಸ್ತ್ರಕ್ಕೆ ಬಾಳೆಗೊನೆ ಕಟ್ಟಿ ಊರಿಗೆ ಮರಳಿ, ಅರ್ಧ ಚಹಾ ಕುಡಿಯುವಷ್ಟರಲ್ಲಿ ಏನೋ ಹೊಳೆದು, ಮುಂದಿನ ಬಸ್ಸಿಗೆ ವಾಪಸು ಹೋದ. ಅಲ್ಲಿ ಪಂಕ್ತಿ ಕೂತಿತ್ತು. ಉಣ್ಣುವವರ ನಡುವೆ ಸ್ಟೂಲು ಹಾಕಿ, ಅದರ ಮೇಲೆ ಹತ್ತಿ, ಗೊನೆಯನ್ನು ಬಿಚ್ಚಿ ತಿರುಗಿಸಿ ಕಟ್ಟಿದ. ಗೊನೆಯಲ್ಲಿ ಬಾಳೆಹಣ್ಣಿನ ಮೂತಿ ಮೇಲಕ್ಕೆ ನೋಡುತ್ತದಂತೆ, ತಾನು ಕೆಳಕ್ಕೆ ಕಟ್ಟಿಬಂದಿದ್ದನಂತೆ. ಎಲೆಯ ಮೇಲಿನ ಸಾರಿಗೆ ಅಂಟಿನ ಹನಿ ಬಿದ್ದವರು ಬೈದರು. ಆತ ಮೇಲಿನಿಂದಲೇ "ಹಂಗಲ್ರಿ, ಹಂಗಲ್ಲ" ಎನ್ನುತ್ತಾ ಕೆಲಸ ಮುಗಿಸಿದ.

ಇಂಥವನಿಗೆ ಯಾರ ಮಾತೂ ನಾಟುವುದಿಲ್ಲವೆಂದುಕೊಂಡಿದ್ದೆ. ನಾಟಿದ ಒಂದು ಮಾತಿತ್ತು. ಅದನ್ನು ಆತ ಹೇಳಲಿಲ್ಲ, ಜಂಬಕ್ಕ ಹೇಳಿದಳು. ಆರು ವರ್ಷದ ಹಿಂದೆ ಒಬ್ಬಳೇ ಮಗಳು ಸೌಭಾಗ್ಯಳನ್ನು ಹರಪನಹಳ್ಳಿಯಾಚೆಯ ಅರಸೀಕೆರೆಗೆ ಕೊಟ್ಟಾಗ, ಬೀಗರಿಗೆ ಒಯ್ದ ಹಣ್ಣಿನ ತಟ್ಟೆಗಳ ಸಾಲಿನಲ್ಲಿ ತಾನು ಮಾಡಿದ ಒಂದು ತಟ್ಟೆಯನ್ನೂ ಇಟ್ಟಿದ್ದನಂತೆ. ಯಾರೋ ಧಗೆಯೆಂದು ಫ್ಯಾನು ಹಚ್ಚಿದರು. ಮೊದಲು ದ್ರಾಕ್ಷಿ ಎದ್ದಿತು. ಹಿಂದೆ ಸೇಬು. ಕಿತ್ತಳೆಯೊಂದು ಉರುಳುತ್ತಾ ಉರುಳುತ್ತಾ ಹೋಗಿ ವರನ ತಾಯಿ ದ್ಯಾಮಕ್ಕನ ಪಾದಕ್ಕೆ ತಾಗಿ ನಿಂತಿತು. ಆ ಹೆಣ್ಣುಮಗಳು ಬಗ್ಗಿ ಎತ್ತಿ, ಎರಡು ಬೆರಳಲ್ಲಿ ಹಿಡಿದು, "ಬೀಗರ ಹಣ್ಣಿಗೆ ಕಾಲದಾವ ನೋಡ್ರಬೇ! ನಮ್ಮನಿ ಒಗ್ಗಲಿಲ್ಲ ಅಂತ ಕಾಣ್ತೈತಿ, ಹೊಂಟಾವ" ಎಂದಳು. ಮಂಟಪವೆಲ್ಲ ನಕ್ಕಿತು. ಬಾಸಿಂಗದ ಕೆಳಗೆ ಸೌಭಾಗ್ಯಳ ತಲೆ ಇನ್ನಷ್ಟು ತಗ್ಗಿತು. ಅಂದಿನಿಂದ ಆ ಮನೆಯಲ್ಲಿ ಉಚ್ಚಂಗೆಪ್ಪನ ಹೆಸರು 'ಪೊಳ್ಳುಹಣ್ಣಿನ ಬೀಗ.' ದ್ಯಾಮಕ್ಕ ಕೆಟ್ಟವಳೇನಲ್ಲ. ಸೊಸೆಯನ್ನು ಚೆನ್ನಾಗಿಯೇ ನೋಡಿಕೊಂಡಳು. ಆದರೆ ಒಳ್ಳೆಯವರು ಆಡಿದ ಕುಚೋದ್ಯ ಬೇಗ ಸಾಯುವುದಿಲ್ಲ, ಅದಕ್ಕೆ ಆಯುಷ್ಯ ಹೆಚ್ಚು.

ಈ ವರ್ಷ ಯುಗಾದಿಗೆ ಮುಂಚೆ ಸೌಭಾಗ್ಯಳ ಫೋನು ಬಂತು. ಏಳು ತಿಂಗಳು ತುಂಬಿತ್ತು, ಕುಬಸ ಗೊತ್ತಾಗಿತ್ತು. ಬಯಕೆ ಏನು ಎಂದು ಜಂಬಕ್ಕ ಕೇಳಿದರೆ, ಹುಡುಗಿ ಬಯಸಿದ್ದು ಸೀತಾಫಲ! ದಸರೆಯ ಹೊತ್ತಿಗೆ ಗುಡ್ಡದಿಂದ ಬುಟ್ಟಿಗಟ್ಟಲೆ ಇಳಿಯುವ, ಈಗ ಗಿಡದಲ್ಲಿ ಎಲೆಯೂ ನೆಟ್ಟಗಿಲ್ಲದ ಹಣ್ಣು. ಅಳಿಯ ದಾವಣಗೆರೆಯವರೆಗೆ ಹುಡುಕಿ ಬರಿಗೈಯಲ್ಲಿ ಬಂದಿದ್ದ. ಫೋನಿನಲ್ಲಿ ಅವಳೇ ನಕ್ಕು ಅಪ್ಪನಿಗೆ ಅಂದಳಂತೆ: "ನೀನರ ಮಾಡ್ಕೊಂಡು ಬಾರಪ್ಪ, ಉಡ್ಯಾಗ ಹಾಕ್ಕೊಂತೀನಿ."

ಅಷ್ಟೇ ಸಾಕಾಯಿತು. ಮೊದಲೇ ನಿಲ್ಲದ ಕಾಲಿಗೆ ಈಗ ಕಾರಣವೂ ಸಿಕ್ಕಿತು.

ಜಂಬಕ್ಕ ನನ್ನೆದುರಿಗೇ ಗಂಡನನ್ನು ತಡೆದಳು. "ಆಕಿ ನಗಿಗೆ ಅಂದಾಳ. ಉಡಿ ಅಂದ್ರ ಏನಂತ ತಿಳ್ಕೊಂಡಿ? ಅಕ್ಕಿ, ಕಾಯಿ, ಹಣ್ಣು, ಎಲ್ಲಾ ತುಂಬಿದ್ದ ಬೇಕು. ಬಸರಿ ಉಡ್ಯಾಗ ಪೊಳ್ಳು ಹಾಕಾಕ ದ್ಯಾಮಕ್ಕ ಬಿಡ್ತಾಳನು? ನಾಕು ಮಂದ್ಯಾಗ ತಗದು ಆಕಡೆ ಇಟ್ಲು ಅಂದ್ರ ಆ ಹುಡುಗಿ ಮಾರಿ ಎಲ್ಲಿಡ್ಬೇಕು? ಒಮ್ಮಿ ಆಗಿದ್ದು ಸಾಕಾಗಿಲ್ಲನು ನಿನಗ?"

"ಹಂಗಲ್ಲ" ಎಂದ ಉಚ್ಚಂಗೆಪ್ಪ. ಜೇಬಿನಿಂದ ದಾರ ತೆಗೆದು ಗಂಟುಗಳ ಮೇಲೆ ಬೆರಳಾಡಿಸತೊಡಗಿದ.

ತೊಡಕೆಂದರೆ ಆತ ಸೀತಾಫಲ ಮಾಡಿದವನೇ ಅಲ್ಲ. ದಾರದಲ್ಲಿ ಅದರ ಗಂಟಿಲ್ಲ. ಅಳೆಯೋಣವೆಂದರೆ ಸಂತೆಯಲ್ಲಿ ಹಣ್ಣಿಲ್ಲ. ಒಂದು ಬೆಳಗ್ಗೆ ನಮ್ಮ ಮನೆಗೆ ಬಂದು, ಸೀತಾಫಲ ಹೇಗಿರುತ್ತದೆ ಹೇಳಿರೆಂದ. ವರ್ಣನೆ ನನ್ನ ವೃತ್ತಿಯಾದ್ದರಿಂದ ಹುರುಪಿನಿಂದ ಆರಂಭಿಸಿದೆ: ಹಸಿರು, ದುಂಡು, ಮೈತುಂಬ ಕಣ್ಣು... "ಎಷ್ಟು ಕಣ್ಣು?" ಎಂದ. ನಾನು ಎಣಿಸಿದವನಲ್ಲ. "ಕಣ್ಣು ಮ್ಯಾಲ ದೊಡ್ಡವೋ, ಕೆಳಗ ದೊಡ್ಡವೋ?" ಐವತ್ತು ವರ್ಷ ಸೀತಾಫಲ ತಿಂದ ನನಗೆ ಅದೂ ಗೊತ್ತಿರಲಿಲ್ಲ. "ಬರೀತೀರಂತ ಬ್ಯಾರೆ ಹೇಳ್ತಾರ ಮಂದಿ" ಎಂದು ಗೊಣಗುತ್ತಾ ಎದ್ದುಹೋದ.

ಹೋದದ್ದು ಕೂಡ್ಲಿಗಿಯ ಆಚೆಗೆ, ಹಂಗಾಮಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸೀತಾಫಲ ಮಾರುವ ಎರ್ರೆಮ್ಮನ ಹಟ್ಟಿಗೆ. ಆ ಮುದುಕಿ ಬಾಯಿಮಾತಿಗೆ ಹೋಗಲಿಲ್ಲ. ಬಚ್ಚಲ ಮುಂದಿನ ಹಸಿಮಣ್ಣು ಹಿಡಿದು ಮುದ್ದೆ ಕಟ್ಟಿ, ಹೆಬ್ಬೆರಳಿನಿಂದ ಒತ್ತುತ್ತಾ ಹೇಳಿದಳಂತೆ: "ತೊಟ್ಟಿನ ಕಡೆ ದೊಡ್ಡು, ಮೂತಿ ಕಡೆ ಸಣ್ಣು. ಹಣ್ಣಾದ್ರ ಕಣ್ಣಿನ ನಡುವ ಬೆಳ್ಳನ ಗೆರಿ ಬಿಡ್ತೈತಿ ನೋಡು, ಅದು ಬಂದ್ರನ ಹಣ್ಣು." ಆ ಮಣ್ಣಿನ ಸೀತಾಫಲವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಕೊಟ್ಟೂರಿನಲ್ಲಿ ಇಳಿದು ಕೈ ಹಾಕಿದರೆ ಜೇಬಿನ ತುಂಬ ಮಣ್ಣು. ಜಂಬಕ್ಕ ಕೋಟು ಒಗೆಯುತ್ತಾ ಆಡಿದ ಮಾತುಗಳನ್ನು ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ. ಆದರೆ ಅಷ್ಟರಲ್ಲಿ ಹಣ್ಣು ಆತನ ಬೆರಳಿಗೆ ಬಂದುಬಿಟ್ಟಿತ್ತು.

ಬಣ್ಣ ಬರಲಿಲ್ಲ. ಸೀತಾಫಲದ ಹಸಿರು ಬಜಾರಿನ ಹಸಿರಲ್ಲ. ಬೂದಿ ಬೆರೆತ, ಬಿಸಿಲು ಕುಡಿದ ಹಸಿರು. ಹಗರಿಬೊಮ್ಮನಹಳ್ಳಿ, ಹಡಗಲಿ, ಯಾವ ಊರಿನ ಅಂಗಡಿಯನ್ನೂ ಆತ ಬಿಡಲಿಲ್ಲ. ಕೊನೆಗೆ ಹರಪನಹಳ್ಳಿಯಲ್ಲಿ ಪಂಚಾಕ್ಷರಪ್ಪ ಎಂಬವರ ಸ್ಟೇಷನರಿ ಅಂಗಡಿಯ ಮುಂದೆ, ಯಾವ ಕಾಲದಲ್ಲೋ ಅಲಂಕಾರಕ್ಕೆ ಕಟ್ಟಿ ಮರೆತ ಹಸಿರು ಕ್ರೇಪು ಕಾಗದದ ತೋರಣ ನೇತಾಡುತ್ತಿತ್ತು. ಆ ದಿನ ನಾನೂ ಜೊತೆಗಿದ್ದೆ. ಅದನ್ನೇ ಕೊಡಿರೆಂದು ಉಚ್ಚಂಗೆಪ್ಪ ಕೇಳಿದಾಗ ಅಂಗಡಿಯವರು ಹೌಹಾರಿದರು. "ಅಲ್ಲಾ ಮಾರಾಯ, ಒಳಗೆ ಹೊಸಾದು ಐತೆ, ಆ ಹಾಳಾದ್ದು ಯಾಕೆ?" "ಹಂಗಲ್ರಿ. ಹೊಸಾದ್ರಾಗ ಬಿಸಲಿಲ್ಲ." ಪಂಚಾಕ್ಷರಪ್ಪನವರು ನನ್ನ ಕಡೆ ನೋಡಿ ತಮ್ಮ ಹಣೆ ಮುಟ್ಟಿಕೊಂಡರು. ಆಮೇಲೆ ತಾವೇ ಸ್ಟೂಲು ಹಾಕಿ ಬಿಚ್ಚಿಕೊಟ್ಟರು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಎಷ್ಟು ಸೀತಾಫಲ ಹುಟ್ಟಿ ಎಷ್ಟು ಸತ್ತವೋ! ಒಂದೊಂದು ಕಣ್ಣನ್ನೂ ಬೇರೆ ಬೇರೆ ಕತ್ತರಿಸಿ, ಬೆನ್ನಿಗೆ ಬಿಳಿ ಕಾಗದ ಕೊಟ್ಟು, ಹೆಬ್ಬೆರಳಿನ ಉಗುರಿನಿಂದ ಉಬ್ಬಿಸಿ, ಮೂತಿಯಿಂದ ತೊಟ್ಟಿನವರೆಗೆ ಹೆಂಚು ಹೊದಿಸಿದ ಹಾಗೆ ಅಂಟಿಸಬೇಕು. ಮುಗಿಯುತ್ತಿದ್ದಂತೆ ದೂರವಿಟ್ಟು ನೋಡುತ್ತಿದ್ದ. ಹೊರಗೆ ಹೋಗಿ ಕಿಟಕಿಯಿಂದ ನೋಡುತ್ತಿದ್ದ. ಒಳಗೆ ಬಂದು ಹರಿದುಹಾಕುತ್ತಿದ್ದ. ಜಂಬಕ್ಕ ಆ ಚೂರುಗಳಿಂದಲೇ ಒಲೆ ಹಚ್ಚುತ್ತಿದ್ದಳು. ಕುಬಸಕ್ಕೆ ಎರಡು ದಿನವಿದೆ ಎನ್ನುವಾಗ ನಾನು ಹೋದರೆ ಆತ ಹೆಂಡತಿಯ ಹತ್ತಿರ ತಗಡಿನ ಡಬ್ಬಿಯೊಂದಕ್ಕಾಗಿ ವಾದ ಹಾಕುತ್ತಿದ್ದ. ಹೋದ ಹಂಗಾಮಿನ ಸೀತಾಫಲದ ಬೀಜಗಳು. ಅರೆದು ತಲೆಗೆ ಹಚ್ಚಿದರೆ ಹೇನು ಸಾಯುತ್ತವೆಂದು ಆಕೆ ಕೂಡಿಟ್ಟದ್ದು. "ಎಲ್ಲಾ ಒಯ್ಯಬ್ಯಾಡ, ಓಣಿ ಹುಡುಗ್ರ ತಲಿ ನೋಡೀದೇನು?" ಎಂದು ಆಕೆ ಕೂಗುತ್ತಿರುವಾಗಲೇ ಆತ ಡಬ್ಬಿ ಬರಿದು ಮಾಡಿಕೊಂಡು, ಹಣ್ಣಿನ ಒಡಲಿಗೆ ಹಿಡಿ ಬೀಜ ಸುರಿದು, ಉಳಿದದ್ದನ್ನು ಕಣ್ಣಿಗೊಂದರಂತೆ ಒಳಗಿಟ್ಟು ಅಂಟಿಸತೊಡಗಿದ.

ನನ್ನ ಮೈ ಝುಮ್ಮೆಂದಿತು. ಬೀಜ! ಬಸುರಿ ಮಗಳ ಮಡಿಲಿಗೆ ತಂದೆ ಕೊಡುವ ಹಣ್ಣಿನ ಕಣ್ಣುಕಣ್ಣಿನಲ್ಲೂ ಬೀಜ! ಸೃಷ್ಟಿ, ಸಂತಾನ, ಪರಂಪರೆ ಎಂದೆಲ್ಲ ದೊಡ್ಡ ದೊಡ್ಡ ಶಬ್ದಗಳು ನನ್ನ ತಲೆಯಲ್ಲಿ ಸಾಲುಗಟ್ಟಿ ನಿಂತವು. ಮುಂದಿನ ವಾರದ ಅಂಕಣ ಅಲ್ಲಿಯೇ ಮುಗಿದುಹೋಯಿತು.

ಕುಬಸದ ದಿನ ನನ್ನನ್ನೂ ಕರೆದೊಯ್ದರು. ಬಸ್ಸಿನಲ್ಲಿ ಸೀಟಿದ್ದರೂ ಉಚ್ಚಂಗೆಪ್ಪ ನಿಂತೇ ಬಂದ, ಕೋಟಿನ ಎಡಗಡೆಯನ್ನು ಮೈಗೆ ತಾಗದಂತೆ ಎತ್ತಿ ಹಿಡಿದು. ಕಂಡಕ್ಟರು ಕನಿಕರಪಟ್ಟ: "ಯಜಮಾನ್ರ, ಕುಂದರ್ರಿ. ಎದಿನೋವೇನ್ರಿ?" "ಹಂಗಲ್ಲ. ಹಣ್ಣೈತಿ." ಕಂಡಕ್ಟರು ಮುಂದಿನ ಸೀಟಿಗೆ ಟಿಕೇಟು ಹರಿಯಲು ಹೋದ.

ಪಡಸಾಲೆಯಲ್ಲಿ ಹೆಣ್ಣುಮಕ್ಕಳು ತುಂಬಿದ್ದರು. ಹಸಿರು ಸೀರೆ, ಹಸಿರು ಕುಬಸ, ತಲೆಗೆ ದಂಡೆ ಮುಡಿದು ಸೌಭಾಗ್ಯ ಕೂತಿದ್ದಳು. ಸೆಖೆಗೆ ಹಣೆಯ ಕುಂಕುಮ ಕರಗಿತ್ತು. ಗೋಡೆಯ ಪಕ್ಕ ನಿಲ್ಲಿಸಿದ್ದ ಫ್ಯಾನಿನ ಗಾಳಿಗೆ ತಟ್ಟೆಯ ವೀಳ್ಯದೆಲೆ ಹಾರತೊಡಗಿ, ಯಾರೋ ಅದರ ಮೇಲೆ ತೆಂಗಿನಕಾಯಿ ಹೇರಿದರು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ನಾನು ಬಾಗಿಲ ಬಳಿ ನಿಂತೆ. ಉಚ್ಚಂಗೆಪ್ಪ ಹಣ್ಣನ್ನು ಹೆಂಡತಿಯ ಕೈಗಿತ್ತವನೇ ಬೀದಿಗೆ ಓಡಿದ.

ಸರದಿ ಬಂದಾಗ ಜಂಬಕ್ಕ ಅಕ್ಕಿ ಹಾಕಿದಳು, ಕಾಯಿ ಹಾಕಿದಳು. ಸೆರಗಿನ ಮರೆಯಿಂದ ಸೀತಾಫಲ ತೆಗೆದಳು. ಮಗ್ಗುಲಲ್ಲೇ ನಿಂತಿದ್ದ ದ್ಯಾಮಕ್ಕನ ಕೈ ಅಡ್ಡ ಬಂತು.

"ಇದೇನಬೇ, ಸೀತಾಫಲ? ಈ ತಿಂಗಳಾಗ?"

 ಸೌಭಾಗ್ಯ ಉಡಿಯ ಸೆರಗನ್ನು ಎರಡೂ ಕೈಯಲ್ಲಿ ಹಾಗೇ ಹಿಡಿದುಕೊಂಡು ಅತ್ತೆಯ ಮುಖವನ್ನೇ ನೋಡಿದಳು. ದ್ಯಾಮಕ್ಕ ಹಣ್ಣನ್ನು ಎತ್ತಿಕೊಂಡಳು. ಹಗುರವೆಂದು ನಂಬಿ ನೀಡಿದ ಕೈ ಕೊಂಚ ಕೆಳಕ್ಕೆ ಜಗ್ಗಿತು. ಹಣ್ಣಾಗಿದೆಯೋ ಎಂದು ನೋಡುವವರ ಹಾಗೆ ಹೆಬ್ಬೆರಳಿನಿಂದ ಒಂದು ಕಣ್ಣನ್ನು ಒತ್ತಿದಳು. ಒಳಗಿನ ಬೀಜ ಬೆರಳಿಗೆ ಸಿಕ್ಕಿತು. ಇನ್ನೊಂದನ್ನು ಒತ್ತಿದಳು. ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಅವಳ ಮುಖದ ಮೇಲೆ ಮದುವೆಯ ದಿನದ ಆ ಹಳೆಯ ಕಿತ್ತಳೆ ಬಂದು ಹೋಯಿತೆಂದು ನನಗನ್ನಿಸಿತು.

"ಕಾಗದಾನ ಐತಿ" ಎಂದಳು. ಇನ್ನೊಮ್ಮೆ ಅಂಗೈಯಲ್ಲಿ ತೂಗಿ ನೋಡಿ, "ಪೊಳ್ಳಲ್ಲ ಬಿಡು" ಎಂದವಳೇ ಜಂಬಕ್ಕನಿಗೆ ಮರಳಿಸದೆ, ತಾನೇ ಬಗ್ಗಿ ಸೊಸೆಯ ಉಡಿಯಲ್ಲಿಟ್ಟಳು. "ತಿಂದುಗಿಂದಿ ಮತ್ತ, ನಿಮ್ಮಪ್ಪನ ಹಣ್ಣು!" ಪಡಸಾಲೆ ನಕ್ಕಿತು. ಈ ಸಲದ ನಗೆಯಲ್ಲಿ ಸೌಭಾಗ್ಯಳದೂ ಇತ್ತು. ಅವಳು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು.

ಬೀದಿಗೆ ಬಂದು ನೋಡಿದರೆ ಉಚ್ಚಂಗೆಪ್ಪ ಒಂದು ಬೇವಿನ ಮರದಿಂದ ಇನ್ನೊಂದಕ್ಕೆ ತಿರುಗುತ್ತಿದ್ದ. "ಹಾಕಿದ್ರನು?" ಎಂದ. ದ್ಯಾಮಕ್ಕನೇ ಹಾಕಿದಳೆಂದೆ. ಆತ ಕಟ್ಟೆಯ ಮೇಲೆ ಕೂತ. ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಯಾರೋ ತಂದುಕೊಟ್ಟ ಚಹಾವನ್ನು ತಳದವರೆಗೆ ಕುಡಿದ. ಲೋಟ ಕೆಳಗಿಟ್ಟವನೇ ಎದ್ದುನಿಂತ: "ತೊಟ್ಟಿನ ಕಡಿ ಮೂರು ಕಣ್ಣು ಸೊಟ್ಟಗದಾವ್ರಿ. ಒಂದೀಟು ಇಸ್ಕೊಂಡು ಬರ್ಲೇನು?" ಅವನ ಕೋಟು ಹಿಡಿದು ಜಗ್ಗಿ ಬಸ್‌ಸ್ಟಾಪಿಗೆ ಕರೆತರಬೇಕಾಯಿತು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ದೇವರು ಒಮ್ಮೆ ಮಾಡಿ ಕೈತೊಳೆದುಕೊಂಡದ್ದನ್ನು ಇವರು ಮತ್ತೆ ಮಾಡಲು ಹೊರಟು, ಅವನಿಗಿಲ್ಲದ ಚಡಪಡಿಕೆಯನ್ನೆಲ್ಲ ತಾವು ಹೊತ್ತು ತಿರುಗುತ್ತಾರೆ. ಮೂರು ಕಣ್ಣು ಸೊಟ್ಟಗಾದದ್ದು ಜಗತ್ತಿನಲ್ಲಿ ಯಾರಿಗೂ ಕಾಣದು, ಅವರಿಗೆ ಮಾತ್ರ ನಿದ್ದೆ ಬಾರದು. ಕೂತು ಮಾತಾಡುವ ಕೆಲಸವನ್ನು ಅವರು ನನ್ನಂಥವರಿಗೆ ಬಿಟ್ಟಿದ್ದಾರೆ. ಆ ಕೆಲಸವನ್ನು ನಾವು ಸಾಂಗವಾಗಿ ಮಾಡುತ್ತೇವೆ.

ಮರಳುವ ಬಸ್ಸಿನಲ್ಲಿ ನಾನು ಕೂತಿದ್ದೆ, ಆತ ಕಂಬ ಹಿಡಿದು ನಿಂತಿದ್ದ, ಇನ್ನೊಂದು ಕೈಯಲ್ಲಿ ಟಿಕೇಟು ಆಗಲೇ ನೇರಳೆಹಣ್ಣಾಗುತ್ತಿತ್ತು. ಅಂಕಣಕ್ಕೊಂದು ಭರತವಾಕ್ಯ ಬೇಕಿತ್ತು. ಧ್ವನಿಯಲ್ಲಿ ಸಾಧ್ಯವಾದಷ್ಟು ಗಾಂಭೀರ್ಯ ತುಂಬಿ ಕೇಳಿದೆ: "ಉಚ್ಚಂಗೆಪ್ಪ, ಹಣ್ಣಿನ ಒಳಗೆ ಬೀಜ ಇಟ್ಟದ್ದು ವಂಶ ಬೆಳೆಯಲಿ, ಮಗಳ ಮಡಿಲು ತುಂಬಲಿ ಎಂಬ ಭಾವನೆಯಿಂದಲೇ ಅಲ್ಲವೇ?"

ಸಂತೆಯಲ್ಲಿ ಮಾವಿನ ಹಣ್ಣನ್ನು ತಲೆಕೆಳಗು ಮಾಡಿ ನೋಡಿದ ಹಾಗೆ ಆತ ನನ್ನನ್ನೊಮ್ಮೆ ನೋಡಿದ.

"ಹಂಗಲ್ರಿ. ಅವರ ಮನ್ಯಾಗ ಫ್ಯಾನು ಜೋರೈತಿ. ಹಾರಬಾರದಂತ ಹಾಕೀನಿ."